ಫ್ಲೆಕ್ಸಿನೊಳಗಿನ ನಗು

ಸಿಂಧನೂರಿನ ನನ್ನ ಫ್ಲೆಕ್ಸ್ ಅಂಗಡಿಗೆ ಅವತ್ತು ಎದುರಾಳಿ ಪಕ್ಷಗಳ ಇಬ್ಬರು ಬ್ಯಾನರ್ ಮಾಡಿಸಲು ಒಂದೇ ಹೊತ್ತಿಗೆ ಬಂದರು, ಒಬ್ಬ ಮಸ್ಕಿಯವ, ಇನ್ನೊಬ್ಬ ಲಿಂಗಸುಗೂರಿನವ. ಇಬ್ಬರ ಬ್ಯಾನರಿನಲ್ಲೂ ಒಂದೇ ಸಾಲು: 'ಯುವಕರಿಗೆ ಉದ್ಯೋಗ ಕೊಟ್ಟವರು ನಾವೇ.'

"ಯಾರಿಗ್ ಕೊಟ್ಟೀರಿ ನೌಕರಿ? ನಿಮ್ಮದು ಸಾಹುಕಾರ್ರ ರೊಕ್ಕದ ಪಾರ್ಟಿ," ಅಂದ ಮಸ್ಕಿಯವ.

"ನಿಮ್ಮದೇನು ಬಡವರ ಚಂದಾದಾಗ ನಡದೈತೇನು?" ಅಂದ ಲಿಂಗಸುಗೂರಿನವ.

ಕೈಕೈ ಮಿಲಾಯಿಸುವುದೊಂದು ಬಾಕಿ. ನಾನು ಎರಡೂ ಡಿಸೈನ್ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದೆ. ಕೆಳಗೆ, ಶುಭ ಕೋರುವವರ ಜಾಗದಲ್ಲಿ, ಎರಡರಲ್ಲೂ ಒಬ್ಬರದೇ ಫೋಟೋ: ನಮ್ಮೂರ ರೈಸ್ ಮಿಲ್ಲಿನ ಸಾಹುಕಾರರದು. ಇಬ್ಬರೂ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು.

ಮಸ್ಕಿಯವ ನನ್ನ ಕಡೆ ತಿರುಗಿದ. "ಅಣ್ಣಾ, ಅವರದ್ರಾಗ ಸಾಹುಕಾರ್ರು ನಗಾಕತ್ತಾರ. ನಮ್ಮದ್ರಾಗ ಯಾಕ ಮಾರಿ ಗಂಟ ಹಾಕ್ಕೊಂಡಾರ?"

ಎರಡಕ್ಕೂ ನಗುವ ಫೋಟೋನೇ ಹಾಕಿಕೊಟ್ಟೆ. ಸಾಹುಕಾರರು ಯಾರನ್ನು ನೋಡಿ ನಗುತ್ತಿದ್ದಾರೆ ಅಂತ ಮಾತ್ರ ಇಬ್ಬರೂ ಕೇಳಲಿಲ್ಲ.