ಇಬ್ಬರು ಹೊತ್ತ ನೀರು

ಬಂಗಾರಪೇಟೆಯ ಬಾಡಿಗೆ ಮನೆಗೆ ಬಂದ ಮೊದಲ ದಿನವೇ ತೊಗರಿಬೇಳೆ ಬೇಯಲು ಇಟ್ಟೆ. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಅಕ್ಕಪಕ್ಕದವರು ಬೈದುಕೊಳ್ಳುವಷ್ಟು ಕೂಗಿತು. ಮುಚ್ಚಳ ತೆಗೆದರೆ ಬೇಳೆ ಹಾಕಿದ ಹಾಗೆಯೇ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಅಂಗಡಿಯವನು ಹಳೇ ಬೇಳೆ ಕೊಟ್ಟು ಟೋಪಿ ಹಾಕಿದ ಎಂದುಕೊಂಡು ಸಂಜೆ ಜಗಳಕ್ಕೇ ಹೋದೆ. ಅವನು ನಕ್ಕುಬಿಟ್ಟ. "ಬ್ಯಾಳೆ ಚೆನ್ನಾಗೇ ಅದೆ ಮೇಡಂ. ನಲ್ಲಿ ನೀರಾಗೆ ಇಕ್ಕಿದ್ರಾ? ಈ ನೀರಾಗೆ ಬ್ಯಾಳೆ ಬೇಯಲ್ಲ," ಎಂದ. ಉಳಿದ ಬೈಗುಳ ನುಂಗಿಕೊಂಡು ಬೇಡದಿದ್ದರೂ ಕಾಲು ಕೆ.ಜಿ. ಸಕ್ಕರೆ ಕಟ್ಟಿಸಿಕೊಂಡು ಬಂದೆ.

ಕಾಮಸಮುದ್ರದ ಕಡೆ ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದವಳು ನಾನು. ಗಂಡ ತೀರಿಹೋದರು, ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಆಸ್ಪತ್ರೆಗೂ ರೈಲಿಗೂ ಹತ್ತಿರವಾಗಲಿ ಎಂದು ಇಲ್ಲಿಗೆ ಬಂದೆ. ಊರನ್ನು ಆರಿಸುವಾಗ ನೀರಿನ ರುಚಿ ನೋಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಬೇಳೆ ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಸೋಪು ನೊರೆ ಕೊಡುವ ಬದಲು ಒಡೆದ ಹಾಲಿನ ಹಾಗೆ ಬಕೆಟ್ಟಿನಲ್ಲಿ ತೇಲುತ್ತಿತ್ತು. ತಲೆಗೆ ಎರೆದುಕೊಂಡರೆ ಕೂದಲು ತೆಂಗಿನ ನಾರಿನಂತಾಗುತ್ತಿತ್ತು. ನೀರು ಕಾಯಿಸುವ ಕಾಯಿಲ್ ಮೇಲೆ ದಪ್ಪಗೆ ಸುಣ್ಣದಂಥದ್ದು ಕಟ್ಟಿಕೊಳ್ಳುತ್ತಿತ್ತು, ಭಾನುವಾರ ಬಂದರೆ ಅದನ್ನು ಚಾಕುವಿನ ಬೆನ್ನಿನಿಂದ ಕುಟ್ಟುತ್ತ ಕೂರುತ್ತಿದ್ದೆ. ಬಚ್ಚಲಿನ ಕನ್ನಡಿ ಮಾತ್ರ ಒಂದು ಉಪಕಾರ ಮಾಡಿತು, ಬಿಳಿ ಕಲೆ ಹಿಡಿದು ಮಸುಕಾಗಿ ನನ್ನ ವಯಸ್ಸನ್ನು ಮುಚ್ಚಿತು. ಸ್ಟೀಲ್ ಲೋಟಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಎನ್ನುವಂತೆ ತಿಕ್ಕಿಡುತ್ತಿದ್ದೆ. ಒಣಗಿದ ಮೇಲೆ ಮತ್ತೆ ಅದೇ ಕಲೆ. ಕೊನೆಕೊನೆಗೆ ಬಿಟ್ಟೆ. ನಾನೊಬ್ಬಳೇ ಕುಡಿಯುವ ಲೋಟ ಯಾರಿಗಾಗಿ ಹೊಳೆಯಬೇಕು?

ಕುಡಿಯುವುದಕ್ಕೆ, ಬೇಳೆಗೆ, ಕಾಫಿಗೆ ನಮ್ಮ ಬೀದಿಯವರು ನೆಚ್ಚಿಕೊಂಡಿದ್ದು ಮುಖ್ಯರಸ್ತೆಯ ಶುದ್ಧ ನೀರಿನ ಘಟಕವನ್ನು. ನಾಣ್ಯ ಹಾಕಿದರೆ ಸರಿಯಾಗಿ ಒಂದು ಕ್ಯಾನ್ ಸಿಹಿನೀರು ಬಿಡುತ್ತದೆ. ಸಂಸಾರಸ್ಥರು ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುತ್ತಾರೆ. ನನಗೆ ಸ್ಕೂಟರೂ ಇಲ್ಲ, ಅಷ್ಟು ಭಾರ ಎತ್ತುವ ಸೊಂಟವೂ ಇಲ್ಲ. ಮೊದಲ ಸಲ ಹೋದಾಗ ತುಂಬಿದ ಕ್ಯಾನ್ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದೆ. ಹಿಂದೆ ಖಾಲಿ ಕ್ಯಾನ್ ಹಿಡಿದು ಸರದಿಗೆ ನಿಂತಿದ್ದವಳು ನನ್ನ ಪಕ್ಕದ ಮನೆಯಾಕೆ. ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆಯವಳು, ಗಣಿಯಲ್ಲಿದ್ದ ಗಂಡನನ್ನು ಕಳೆದುಕೊಂಡವಳು, ನನ್ನಂತೆಯೇ ಒಂಟಿ. ಮನೆಮಾತು ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು.

"ಟೀಚರಮ್ಮಾ, ಎರಡು ಕ್ಯಾನು ಯಾಕೆ? ಇದನ್ನೇ ಇಬ್ರೂ ಇಡ್ಕೊಂಡು ಓಗೋಣ. ಮನೆತಾವ ಆಳುಕ್ಕು ಪಾದಿ, ಅರ್ಧ ನಿಮ್ಗೆ, ಅರ್ಧ ನಂಗೆ," ಎಂದಳು.

ಅವತ್ತಿನಿಂದ ಅದೇ ರೂಢಿಯಾಯಿತು. ಕ್ಯಾನಿನ ಹಿಡಿಗೆ ಹಳೇ ಸೀರೆಯ ಪಟ್ಟಿ ಕಟ್ಟಿ ಆ ತುದಿ ಆಕೆ, ಈ ತುದಿ ನಾನು. ನಾನು ಉದ್ದ, ಆಕೆ ಗಿಡ್ಡ. ಭಾರವೆಲ್ಲ ತನ್ನ ಕಡೆಗೇ ಜಾರುತ್ತದೆ ಎಂದು ಆಕೆಯ ಗೊಣಗಾಟ. ನಾಲ್ಕು ಹೆಜ್ಜೆಗೆ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದೆವು. ಇಟ್ಟಾಗಲೆಲ್ಲ ಮಾತು. ಸಾರಿಗೆ ಏನು ಹಾಕಿದೆ, ಮಾರಿಕುಪ್ಪಂನಲ್ಲಿರುವ ಆಕೆಯ ಮಗಳು ಫೋನಿನಲ್ಲಿ ಏನೆಂದಳು, ಮನೆ ಮಾಲೀಕ ಎಂಥ ಜಿಪುಣ. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ನಾವು ಬರುವುದನ್ನು ಕಂಡು "ಮೆರವಣಿಗೆ ಒಂಟತು" ಎನ್ನುತ್ತಿದ್ದರು. ಒಂದೇ ಉಸಿರಿಗೆ ನಡೆದು ಬರಬಹುದಾದ ದಾರಿಯನ್ನು ನಾವು ಅರ್ಧ ಬೆಳಗು ನಡೆಯುತ್ತಿದ್ದೆವು. ಆಮೇಲೆ ಇಡೀ ದಿನ ನಾನು ಯಾರೊಂದಿಗೂ ಬಾಯಿ ಬಿಡದೆ ಇರುತ್ತಿದ್ದೆ. ಪರವಾಗಿಲ್ಲ ಅನ್ನಿಸುತ್ತಿತ್ತು, ಬೆಳಗಿನದು ಸಾಕಾಗುತ್ತಿತ್ತು.

ಹೋದ ವರ್ಷ ಮಗಳು ಅಳಿಯ ಬಂದು ಆಕೆಯ ಅಡುಗೆಮನೆ ಗೋಡೆಗೆ ಫಿಲ್ಟರ್ ಹಾಕಿಸಿಕೊಟ್ಟರು. ನೀಲಿ ದೀಪ ಉರಿಯುವ ಆ ಪೆಟ್ಟಿಗೆಯನ್ನು ತೋರಿಸಲು ಆಕೆ ನನ್ನ ಕೈ ಹಿಡಿದೇ ಎಳೆದುಕೊಂಡು ಹೋದಳು. "ನೋಡಿ ಟೀಚರಮ್ಮಾ, ನನ್ನ ಮಂಡಿ ಬದುಕ್ತು. ನೀವೂ ಇನ್ಮೇಲೆ ಅಲ್ಲೀಗಂಟ ಓಗಬ್ಯಾಡಿ. ಇಲ್ಲೇ ಬಂದು ನೀರು ಇಡ್ಕೊಳ್ಳಿ."

ಆಕೆಗೆ ಮಂಡಿ ನೋವಿತ್ತು ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅಷ್ಟು ದಿನ ಜೊತೆಗೆ ಹೊತ್ತರೂ ಒಂದು ಸಲವೂ ಹೇಳಿರಲಿಲ್ಲ. ಒಳ್ಳೆಯದಾಯಿತು ಎಂದು ಬಾಯಿ ತುಂಬ ಹೇಳಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನಗೆ ಆ ಪೆಟ್ಟಿಗೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದಷ್ಟು ದಿನ ಹೋಗಲೇ ಇಲ್ಲ. ಬಿಂದಿಗೆ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುವ ಜನ ನಾವಲ್ಲ ಎಂದು ನನಗೆ ನಾನೇ ಬಿಗುಮಾನದಿಂದ ಹೇಳಿಕೊಂಡೆ. ಘಟಕಕ್ಕೆ ಒಬ್ಬಳೇ ಹೋಗಿ ಅರ್ಧ ಕ್ಯಾನ್ ಹಿಡಿದು, ಮಿಕ್ಕದ್ದನ್ನು ಹಿಂದಿನವರಿಗೆ ಬಿಟ್ಟು ಬಂದೆ. ಅರ್ಧ ತುಂಬಿದ ಕ್ಯಾನು ಹೆಜ್ಜೆಗೊಮ್ಮೆ ಕುಲುಕಿ ಕಾಲಿಗೆ ಹೊಡೆಯುತ್ತದೆ. ಕಟ್ಟೆಯ ಮೇಲಿನವರು ಈಗ ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ನಲ್ಲಿ ನೀರನ್ನೇ ಕಾಯಿಸಿ ಕುಡಿದೆ. ಕಾಫಿ ಬಣ್ಣ ಕೆಟ್ಟು ಮೇಲೆ ತೆಳು ಕೆನೆಯಂಥದ್ದು ಕಟ್ಟುತ್ತಿತ್ತು. ಆಟೋದಲ್ಲಿ ಕ್ಯಾನ್ ತಂದು ಹೊಸಿಲಿಗೇ ಇಳಿಸುವವರು ಇದ್ದಾರೆ, ಅವರ ಫೋನ್ ನಂಬರು ನಮ್ಮ ಗೇಟಿನ ಮೇಲೇ ಅಂಟಿಸಿದೆ. ನಾನು ಫೋನ್ ಮಾಡಲಿಲ್ಲ. ನನಗೆ ಕಡಿಮೆ ಬಿದ್ದಿದ್ದು ನೀರಲ್ಲ.

ಕೊನೆಗೊಂದು ಬೆಳಗ್ಗೆ ಬಿಗುಮಾನ ಬಿಟ್ಟು ಬಿಂದಿಗೆ ಹಿಡಿದು ಹೋದೆ. ಆಕೆ ಖುಷಿಯಿಂದ ಬರಮಾಡಿಕೊಂಡು ಕೊಳಾಯಿ ತಿರುಗಿಸಿದಳು. ಪೆಟ್ಟಿಗೆಯಲ್ಲಿ ನೀರು ಮೊದಲೇ ಸೋಸಿ ನಿಂತಿರುತ್ತದಲ್ಲ, ಬಿಂದಿಗೆ ಬೇಗ ತುಂಬಿತು. "ಆಯ್ತು ನೋಡಿ," ಎಂದಳು. ಒಲೆಯ ಮೇಲೆ ಒಗ್ಗರಣೆ ಇತ್ತು, ಆಕೆ ಅತ್ತ ತಿರುಗಿದಳು. ನಾನು ಹೊಸಿಲು ದಾಟಿ ಮನೆಗೆ ಬಂದೆ. ಇಬ್ಬರ ಬಾಗಿಲುಗಳ ನಡುವೆ ಇರುವುದು ಒಂದೇ ಗೋಡೆ.

ಅದಕ್ಕೇ ಮಾರನೆಯ ದಿನ ಬಿಂದಿಗೆ ಬಿಟ್ಟು ಚೊಂಬು ತೆಗೆದುಕೊಂಡು ಹೋದೆ. ಚೊಂಬಾದರೆ ಕಾಫಿಗೆ ಮುಗಿಯುತ್ತದೆ, ಅನ್ನಕ್ಕೆ ಮತ್ತೆ ಹೋಗಬೇಕು, ಸಂಜೆ ಮತ್ತೆ. ಈ ವಯಸ್ಸಿನಲ್ಲಿ ಇಂಥ ಕಳ್ಳಾಟ ಹೂಡಿದ್ದಕ್ಕೆ ನನಗೇ ನಗು ಬಂತು. ಆದರೆ ನಡೆಯಿತು. ಒಂದು ಸಲ ಬಿಸಿ ವಡೆ ಕೊಟ್ಟಳು. ಒಂದು ಸಲ ಮೊಮ್ಮಗಳ ಫೋಟೋ ತೋರಿಸಿದಳು. ಇನ್ನೊಂದು ಸಲ ಇಬ್ಬರೂ ಬಾಗಿಲಲ್ಲೇ ನಿಂತು ಮಾಲೀಕನನ್ನು ಮನಸಾರೆ ಬೈದೆವು.

ಮೊನ್ನೆ ಚೊಂಬು ಹಿಡಿದು ಹೋದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನೇ ನೋಡಿದಳು. "ಅಯ್ಯೋ ಟೀಚರಮ್ಮಾ, ಈ ವಯಸ್ನಾಗೆ ದಿನಕ್ಕೆ ಇಷ್ಟು ದಪ ಅಲೀತೀರಲ್ಲ. ನಂಗಾದ್ರೂ ಬುದ್ಧಿ ಬ್ಯಾಡ್ವಾ?" ಎಂದಳು. ಅಟ್ಟದಿಂದ ಎರಡು ಕಿವಿಯ ದೊಡ್ಡ ಕೊಳಗ ಇಳಿಸಿ, ತೊಳೆದು, ಅಂಚಿನವರೆಗೂ ತುಂಬಿಸಿದಳು. ಬೇಡ ಬೇಡ ಎಂದರೂ ಬಿಡಲಿಲ್ಲ. ಒಂದೊಂದು ಕಿವಿ ಹಿಡಿದು, ಆಕೆ ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು, ಇಬ್ಬರೂ ಸೇರಿ ಅದನ್ನು ನನ್ನ ಅಡುಗೆಮನೆಗೆ ತಂದಿಟ್ಟೆವು. ಆಕೆ ತಟ್ಟೆ ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ದೊಡ್ಡ ಉಪಕಾರ ಮಾಡಿದ ಸಂತೋಷದಲ್ಲಿ ನಕ್ಕಳು.

"ತಗೊಳ್ಳಿ, ಇನ್ನ ನಾಕು ದಿನ ನೀವು ನಮ್ಮನೆತಾವ ಬರಂಗೇ ಇಲ್ಲ."

"ಒಳ್ಳೇದಾಯ್ತು ಬಿಡಿ," ಎಂದೆ.