ಲ್ಯಾಪ್‌ಟಾಪಿಗೆ ನದರ ಹತ್ತಿದ್ದು

ಸವದತ್ತಿಯೊಳಗ ಫೋಟೋ ಸ್ಟುಡಿಯೋ ಇಟ್ಟವರೊಬ್ಬರ ಮನಿಗೆ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದ್ದೆ. ಆ ಸೀಜನ್ನಿನ ಮದುವಿ ಫೋಟೋ ಎಲ್ಲಾ ಅದರಾಗ ಇದ್ದವು. ಹಾರ್ಡ್ ಡಿಸ್ಕಿನ ಆರೋಗ್ಯ ನೋಡೂ ಸಾಫ್ಟ್‌ವೇರ್ ಹಚ್ಚಿದ್ರ, ಡಿಸ್ಕ್ ಭಾಳ ಕಾದೈತಿ, ಅಪಾಯ ಐತಿ ಅಂತ ಕೆಂಪು ಅಕ್ಷರದಾಗ ಬಂತು.

"ಇದರ ಕಥಿ ಮುಗೀತ್ರಿ, ಡಿಸ್ಕ್ ಬದಲಿ ಮಾಡಬೇಕು," ಅಂದೆ. ಮಾಲಕರ ಮಾರಿ ಸಣ್ಣದಾತು.

ಕಟ್ಟಿ ಮ್ಯಾಲೆ ಕುಂತಿದ್ದ ಅವರ ತಾಯಿ, "ಏನಾಗೇತೋ ಅದಕ್ಕ?" ಅಂತ ಕೇಳಿದ್ಲು.

"ಮೈ ಸುಡಾಕ ಹತ್ತೇತಿ ಬೇ," ಅಂದ್ರು ಮಗ.

"ಹಂಗಾರ ಯಾರದೋ ಕಣ್ಣು ಬಿದ್ದು ನದರ ಹತ್ತೇತಿ."

ಆಯಿ ಉಪ್ಪು, ಒಣ ಮೆಣಸಿನಕಾಯಿ ತಂದ್ಲು. ನದರ ತಗೀಬೇಕಂದ್ರ ಮಣಿ ಮ್ಯಾಲೆ ಕುಂದರಸಬೇಕಲ್ಲ? ಮೆತ್ತನ್ನ ಕೌದಿ ಮ್ಯಾಲಿದ್ದ ಲ್ಯಾಪ್‌ಟಾಪ್ ಎತ್ತಿ, ಕಟಗಿ ಮಣಿ ಮ್ಯಾಲೆ ಮೂಡಣಕ್ಕ ಮಾರಿ ಮಾಡಿ ಕುಂದರಿಸಿದ್ಲು. ನಿವಾಳಿಸಿ, ಮೆಣಸಿನಕಾಯಿ ಒಲಿಗೆ ಹಾಕಿ, "ಚಾ ಕುಡದು ನೋಡ್ರಿ," ಅಂದ್ಲು.

ಚಾ ಕುಡದು ನೋಡಿದ್ರ ಕೆಂಪು ಹೋಗಿ ಹಸಿರು ಬಂದಿತ್ತು! ಲ್ಯಾಪ್‌ಟಾಪಿನ ತಳದಾಗಿನ ಗಾಳಿ ಕಿಂಡಿ ಕೌದಿಯಿಂದ ಮುಚ್ಚಿ ಅದು ಕಾದಿತ್ತು ಅನ್ನೂದು ನನಗ ಆಗ ಹೊಳೀತು. ಹೇಳಾಕ ಬಾಯಿ ತಗಿಯೂದ್ರಾಗ ಮಗ ಕೇಳಿದ್ರು, "ಯಾರ ನದರ ಬೇ?"

ಆಯಿ ನನ್ನ ಕಡೆ ಬಟ್ಟು ಮಾಡಿದ್ಲು. "ಬಂದಾಗಿಂದ ಕಣ್ಣು ಪಿಳಕಿಸದ ಅದನ್ನ ನೋಡಾಕ ಹತ್ಯಾನಲ್ಲ, ಇವಂದ."

ಮಗ ಗಡಬಡಿಸಿ ಎದ್ದು, ಲ್ಯಾಪ್‌ಟಾಪ್ ಮ್ಯಾಲೆ ಒಂದು ದಪ್ಪ ಟಾವೆಲ್ ಹೊಚ್ಚಿದ್ರು. ಮತ್ತ ಕಾಯತೈತ್ರಿ ಅಂತ ಹೇಳೋಣಂದ್ರ, ಬಾಗಲಾ ದಾಟೂ ತನಕ ನನಗ ಆ ಕಡೆ ತಿರುಗಾಕೂ ಬಿಡಲಿಲ್ಲ.