ಒಂದು ಸಲಕ್ಕೆ ಒಂದೇ ಫೋಟೋ

ನಮ್ಮ ಮುನಿಯತ್ತೆಯ ಕೈಚೀಲದಲ್ಲಿ ಯಾವಾಗಲೂ ಹತ್ತಿಪ್ಪತ್ತು ಫೋಟೋ ಇರುತ್ತಿದ್ದವು. ಆದರೆ ಯಾರು ಎಷ್ಟೇ ಗೋಗರೆದರೂ ಎರಡನ್ನು ಒಟ್ಟಿಗೆ ಹೊರಗೆ ತೆಗೆದವಳಲ್ಲ. ಒಂದೊಂದು ಫೋಟೋಗೂ ಒಂದೊಂದು ಹಳೇ ಲಗ್ನಪತ್ರಿಕೆಯ ಕವರು. ಒಂದನ್ನು ತೆಗೆದು ತೋರಿಸಿ, ಅವರು ನೋಡಿ, ಅದು ವಾಪಸ್ ಕವರಿನೊಳಗೆ ಹೋದ ಮೇಲೇ ಇನ್ನೊಂದರ ಮಾತು. ಯಾರಾದರೂ "ಎಲ್ಲಾ ಒಂದೇ ಸಲ ಹರಡಮ್ಮ, ನೋಡ್ಬಿಡ್ತೀವಿ" ಅಂದರೆ ಅತ್ತೆಗೆ ಕೆಂಡದಂಥ ಕೋಪ ಬರುತ್ತಿತ್ತು.

"ಎರಡು ಪಕ್ಕಪಕ್ಕ ಇಟ್ರೆ ಅದು ಸಂತೆ ಕಣಪ್ಪ. ಬದನೆಕಾಯಿ ಆರಿಸ್ದಂಗೆ ಇದು ಬೇಡ, ಅದು ಕೊಡಿ ಅಂತಾರೆ. ಹೆಣ್ಣುಮಕ್ಕಳು ಬದನೆಕಾಯಾ?"

ಮುನಿಯತ್ತೆ ನಮ್ಮಪ್ಪನ ಅಕ್ಕ. ಶಿಡ್ಲಘಟ್ಟದಲ್ಲಿ ಅಂಗನವಾಡಿ ಟೀಚರಾಗಿದ್ದಳು. ಕೆಲಸ ಮುಗಿದ ಮೇಲೆ ಗಂಡು ಹೆಣ್ಣು ಕೂಡಿಸುವುದೇ ಅವಳ ಬದುಕಾಯಿತು. ನಮ್ಮ ಮನೆಗಳಲ್ಲಿ ಮದುವೆ ಆಗುವುದು ಬುದ್ಧನ ಫೋಟೋ ಮುಂದೆ. ಜಾತಕ ಕೇಳುವವರಿಲ್ಲ, ಗಣ ಕೂಡಿಸುವವರಿಲ್ಲ. ಹಾಗಾಗಿ ಎಲ್ಲವೂ ಆ ಒಂದು ಫೋಟೋ ಮೇಲೆ, ಅತ್ತೆಯ ಮಾತಿನ ಮೇಲೆ ನಿಂತಿರುತ್ತಿತ್ತು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅವಳು ಕಾಫಿ ಕುಡಿಯದ ಮನೆ ಇರಲಿಲ್ಲ. ಕೈ ಚಾಚಿ ಏನೂ ಇಸಕೊಂಡವಳಲ್ಲ. ಮದುವೆ ದಿನ ಮೊದಲ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕದಿದ್ದರೆ ಮಾತ್ರ ವರ್ಷವಿಡೀ ಆಡಿಕೊಳ್ಳುತ್ತಿದ್ದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ಅವಳ ಮುಂದೆ ಯಾರೂ ಆಡುವ ಹಾಗಿರಲಿಲ್ಲ. "ಹೂಂ, ಮಾಡು. ಆಮೇಲೆ ಆ ಸಾವಿರಾನೂ ಹುಡುಗಿ ಒಬ್ಬಳೇ ಕೂತ್ಕೊಂಡು ತೀರಿಸ್ಲಿ" ಅನ್ನುತ್ತಿದ್ದಳು.

ಇಂಥವಳಿಗೆ ನಾನು ವೆಬ್‌ಸೈಟ್ ಮಾಡಿಕೊಡಲು ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬೇಕರಿ ಮೇಲಿನ ಒಂದು ರೂಮಿನಲ್ಲಿ ಕೂತು ಶಾಲೆಗಳಿಗೆ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಅತ್ತೆಗೆ ಮೊಣಕಾಲು ನೋವು ಶುರುವಾಗಿತ್ತು. ಒಂದು ಫೋಟೋ ತೋರಿಸಲು ಬಸ್ಸು ಬದಲಿಸಿಕೊಂಡು ಗೌರಿಬಿದನೂರಿಗೆ ಹೋಗಿ, ಆ ಮನೆಯವರು ಊರಲ್ಲಿಲ್ಲ ಎಂದು ಹಾಗೇ ತಿರುಗಿ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಕೂತಲ್ಲಿಂದಲೇ ಲಿಂಕ್ ಕಳಿಸು ಅತ್ತೆ. ಅವರು ಒತ್ತಿದ್ರೆ ಫೋಟೋ ಕಾಣುತ್ತೆ, ಅಷ್ಟೇ" ಅಂದೆ. ನನ್ನ ಮಾತಿಗೆ ಬೇಗ ಒಪ್ಪಲಿಲ್ಲ. ಒಪ್ಪಿಸಿದವನು ನಾನೇ, ದಿನಾ ಹಠ ಹಿಡಿದು.

ಅವಳ ಷರತ್ತು ಎರಡೇ. ಒಂದು ಸಲಕ್ಕೆ ಒಂದೇ ಫೋಟೋ ಕಾಣಬೇಕು. ಫೋಟೋ ಕೆಳಗೆ ಹೆಸರು, ಊರು ಏನೂ ಇರಬಾರದು, ಅದನ್ನೆಲ್ಲ ತಾನು ಫೋನಿನಲ್ಲಿ ಹೇಳುತ್ತಾಳೆ. ಹಾಗೇ ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆ ಅಂತ ನನಗೇ ಹೆಮ್ಮೆ. ಇಡೀ ವೆಬ್‌ಸೈಟು ಒಂದೇ ಪುಟ. ಲಿಂಕ್ ಒತ್ತಿದವರಿಗೆ ಒಂದೇ ಮುಖ; ಅತ್ತೆ ಮಾತ್ರ ತನ್ನ ಫೋನಿನಲ್ಲಿ ಬೆರಳು ಸರಿಸಿದರೆ ಒಂದು ಮುಖ ಹೋಗಿ ಇನ್ನೊಂದು ಮುಖ ಬೆಣ್ಣೆ ಜಾರಿದ ಹಾಗೆ ಬರುತ್ತಿತ್ತು. ಪುಟ ಮತ್ತೆ ಲೋಡ್ ಆಗುವ ರಗಳೆಯಿಲ್ಲ. ಮುಖ ಬದಲಾದರೂ ಮೇಲಿನ ವಿಳಾಸ ಮಾತ್ರ ಬದಲಾಗುತ್ತಿರಲಿಲ್ಲ. ಹತ್ತು ಹುಡುಗಿಯರಿಗೂ ಒಂದೇ ವಿಳಾಸ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆಮೇಲೆ ಸರಿಮಾಡೋಣ ಅಂದುಕೊಂಡಿದ್ದೆ.

ಮೊದಲ ದಿನವೇ ಅತ್ತೆಯ ಫೋನ್ ಬಂತು.

"ಏನೋ ಮಂಜು ಇದು, ಒಂದು ಹೆಜ್ಜೆ ಹಿಂದಕ್ಕೆ ಹೋಗು ಅಂದ್ರೆ ಸೀದಾ ಬೀದಿಗೇ ತಳ್ತದಲ್ಲೋ!"

ನಾಲ್ಕನೇ ಫೋಟೋ ನೋಡುತ್ತಿದ್ದವಳು ಮೂರನೆಯದಕ್ಕೆ ಹೋಗಲು ಫೋನಿನ ಹಿಂದಿನ ಬಟನ್ ಒತ್ತಿದ್ದಾಳೆ. ಬ್ರೌಸರ್ ಪಾಲಿಗೆ ಅವಳು ಎಲ್ಲಿಗೂ ಹೋಗೇ ಇಲ್ಲ, ಮೊದಲ ಪುಟದಲ್ಲೇ ಇದ್ದಾಳೆ. ಅದಕ್ಕೇ ವೆಬ್‌ಸೈಟಿನಿಂದ ಆಚೆಗೆ ಕಳಿಸಿಬಿಟ್ಟಿದೆ.

"ಹಿಂದಿನ ಬಟನ್ ಒತ್ತಬೇಡ ಅತ್ತೆ, ಬೆರಳಲ್ಲೇ ಸರಿಸು" ಅಂದೆ.

"ಮನೆಗೆ ಬಂದೋರು ಬಂದ ದಾರೀಲಿ ವಾಪಸ್ ಹೋಗಬಾರದೇನೋ? ಇದ್ಯಾವ ಸೀಮೆ ಮನೆ ಕಟ್ಟಿದ್ದೀಯೋ?"

ನಾನು ನಕ್ಕೆ. ಬೇಕರಿಯ ಹುಡುಗರಿಗೂ ಹೇಳಿ ನಗಿಸಿದೆ.

ದಿಬ್ಬೂರಹಳ್ಳಿಯ ಶೋಭಾ ಅತ್ತೆಗೆ ಬಲು ಇಷ್ಟದ ಹುಡುಗಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಅವಳು ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಟೀಚರು. ಅವಳಿಗೆ ತೊನ್ನಿತ್ತು. ಎಡಗೆನ್ನೆ ಮೇಲೊಂದು, ಎಡಗೈ ಮೇಲೆ ಉದ್ದಕ್ಕೂ ಬಿಳಿ ಮಚ್ಚೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕೆನ್ನೆ ನುಣ್ಣಗೆ ಮಾಡಿ ಕೊಟ್ಟಿದ್ದ ಫೋಟೋವನ್ನು ಅತ್ತೆ ಅವನ ಮೇಜಿನ ಮೇಲೇ ಎಸೆದು ಬಂದಳು. "ಇವಳನ್ನ ತೆಗಿ ಅಂದ್ರೆ ಇನ್ಯಾರನ್ನೋ ತೆಗ್ದಿದ್ದೀಯಲ್ಲೋ!" ಎಂದು ಬೈದು, ಹುಡುಗಿಯನ್ನು ಬಿಸಿಲಿಗೆ ನಿಲ್ಲಿಸಿ, ಕೈ ಮುಂದಕ್ಕೆ ಕಾಣುವ ಹಾಗೆ ಮತ್ತೆ ತೆಗೆಸಿದಳು.

"ಮಚ್ಚೆ ಇದೆ ಅಂತ ಬಾಯಲ್ಲಿ ಹೇಳಿದ್ರೆ ಕಡ್ಡಿ ಹೋಗಿ ಗುಡ್ಡ ಆಗ್ತದೆ ಕಣೋ. ಫೋಟೋ ಕೊಟ್ಟು ಸುಮ್ನಿದ್ರೆ ಇದ್ದಷ್ಟೇ ಕಾಣ್ತದೆ. ನೋಡಿ, ಒಪ್ಪಿದ ಮೇಲೇ ಬರ್ಲಿ. ಬಂದು ನೋಡಿ ಬೆಚ್ಚಿಬೀಳೋರು ಆ ಮನೆ ಹೊಸಲು ತುಳಿಯೋದು ಬೇಡ."

ಗೌರಿಬಿದನೂರಿನಲ್ಲಿ ಒಂದು ಗಂಡು ಇತ್ತು. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಒಳ್ಳೇ ಜನ. ಅತ್ತೆ ಶೋಭಾಳ ಫೋಟೋ ತೆರೆದು, ಮೇಲಿದ್ದ ಲಿಂಕನ್ನು ಹುಡುಗನ ಅಮ್ಮನಿಗೆ ಕಳಿಸಿದಳು. ಕಳಿಸಿದ ಮೇಲೆ ಸರಿಯಿದೆಯಾ ಎಂದು ತಾನೇ ಒತ್ತಿ ನೋಡಿದಳು, ನನ್ನನ್ನೂ ಕರೆದು ತೋರಿಸಿದಳು. ಶೋಭಾಳೇ ಬಂದಳು. ಬರದೆ ಏನು? ಅತ್ತೆ ಕೊನೆಗೆ ನೋಡಿದ ಮುಖವನ್ನು ಅವಳ ಫೋನು ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ್ದವನು ನಾನೇ. ಬೇರೆಯವರ ಫೋನಿಗೆ ಆ ನೆನಪಿಲ್ಲ. ಅಲ್ಲಿ ಸಾಲಿನ ಮೊದಲನೆಯ ಫೋಟೋ ಬರುತ್ತದೆ, ಆ ವಾರ ಹೊಸದಾಗಿ ಸೇರಿಸಿದ್ದ ಇನ್ಯಾವುದೋ ಹುಡುಗಿಯದು. ಎರಡನೇ ಫೋನಿನಲ್ಲಿ, ಅಂದರೆ ನನ್ನ ಜೇಬಿನಲ್ಲೇ ಇದ್ದ ಫೋನಿನಲ್ಲಿ, ಒಮ್ಮೆ ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. "ಸರಿಯಾಗಿದೆ ಅತ್ತೆ" ಅಂದುಬಿಟ್ಟೆ.

ಸಂಜೆ ಹುಡುಗನ ಅಮ್ಮ ಫೋನ್ ಮಾಡಿದರು. ಅತ್ತೆ ಕೇಳಿದಳು, "ನೋಡಿದ್ರಾ ತಾಯಿ? ಮುಖ, ಕೈ ಎಲ್ಲಾ ಚೆನ್ನಾಗಿ ನೋಡಿದ್ರಾ?"

"ನೋಡಿದ್ವಿ ಕಣಮ್ಮ, ಎಲ್ಲಾರೂ ನೋಡಿದ್ವಿ. ನಮ್ಮ ಹುಡುಗನಿಗೂ ಒಪ್ಪಿಗೆ."

ಅತ್ತೆ ಫೋನ್ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೋಡಿ ಒಪ್ಪಿದ್ದಾರೆ ಕಣೋ ಮಂಜು. ನೋಡಿ!" ಶೋಭಾಳಿಗೂ ಅದನ್ನೇ ಹೇಳಿದಳಂತೆ. ಎಲ್ಲಾ ನೋಡಿದ್ದಾರೆ, ಇನ್ನು ಮುಚ್ಚಿಕೊಳ್ಳೋದು ಏನೂ ಇಲ್ಲ ತಾಯಿ ಅಂತ.

ಭಾನುವಾರ ಅತ್ತೆಯನ್ನು ಕಾರಿನಲ್ಲಿ ದಿಬ್ಬೂರಹಳ್ಳಿಗೆ ಕರೆದುಕೊಂಡು ಹೋದವನು ನಾನು. ಹುಡುಗ, ಅವನ ಅಮ್ಮ, ಅಕ್ಕ, ಭಾವ ಬಂದು ಕೂತಿದ್ದರು. ಶೋಭಾ ಯಾವಾಗಲೂ ತುಂಬು ತೋಳಿನ ರವಿಕೆ ಹಾಕುವವಳು, ಅವತ್ತು ಅರ್ಧ ತೋಳಿನದು ಹಾಕಿದ್ದಳು. ತಲೆ ಎತ್ತಿಕೊಂಡು ಬಂದು, ಎಲ್ಲರಿಗೂ ಉಪ್ಪಿಟ್ಟು ಕೊಟ್ಟು, ಚಾಪೆಯ ಮೇಲೆ ಕೂತಳು. ಹುಡುಗನ ಅಮ್ಮ ತಟ್ಟೆ ಇಸಕೊಂಡು, ನಗುನಗುತ್ತಾ ಒಳಮನೆ ಕಡೆ ನೋಡಿ ಹೇಳಿದರು:

"ಎಲ್ಲಿ, ಹುಡುಗೀನ ಕರೀರಮ್ಮ."

ಶೋಭಾ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಹುಡುಗನ ಭಾವ ಏನೋ ಎಡವಟ್ಟಾಗಿದೆ ಅಂತ ಫೋನ್ ತೆಗೆದು ಅತ್ತೆಗೆ ತೋರಿಸಿದರು. ಅತ್ತೆಯ ಮುಖ ಬಿಳಿಚಿಕೊಂಡಿತು. ಆದರೂ ಅವಳು ತಡವರಿಸಲಿಲ್ಲ. "ತಪ್ಪು ನಂದು ತಾಯಿ, ಬೇರೆ ಕಳಿಸ್ಬಿಟ್ಟಿದ್ದೀನಿ. ಎದ್ದೇಳಿ, ಆಚೆ ಕೂತು ಮಾತಾಡಣ" ಎಂದು ಏಳಲು ಹೋದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ನನಗೆ ಅತ್ತೆಯ ಮೇಲೆ ಅಪವಾದ ಬರಬಾರದು, ಸತ್ಯ ಹೇಳಬೇಕು ಅನ್ನುವ ಆವೇಶ ಬಂತು. "ಅತ್ತೆ ತಪ್ಪಲ್ಲ, ನನ್ನ ವೆಬ್‌ಸೈಟ್ ತಪ್ಪು" ಎಂದು ಎದ್ದು ನಿಂತೆ. ಭಾವನ ಕೈಯಿಂದ ಅವರ ಫೋನ್ ಇಸಕೊಂಡೆ. ಅತ್ತೆಯ ಫೋನ್ ತೆರೆದೆ. ಎರಡನ್ನೂ ಎಲ್ಲರಿಗೂ ಕಾಣುವ ಹಾಗೆ ಪಕ್ಕಪಕ್ಕ ಹಿಡಿದೆ.

"ವದ್ದು ನಾಯನಾ, ವದ್ದು!" ಅತ್ತೆ ಕೂಗಿದಳು. ಬೇಡ ಕಣೋ ಅಂತ. ತೀರಾ ಗಾಬರಿಯಾದರೆ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು.

ನಾನು ನಿಲ್ಲಿಸಲಿಲ್ಲ. "ನೋಡಿ, ನಿಮಗೆ ಬಂದಿದ್ದು ಇದು, ಬರಬೇಕಾಗಿದ್ದು ಇದು" ಎಂದೆ. ಒಂದು ಫೋನಿನಲ್ಲಿ ಆ ಹುಡುಗಿ, ಇನ್ನೊಂದರಲ್ಲಿ ಶೋಭಾ. ಎಲ್ಲರ ಕಣ್ಣೂ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋದವು. ಶೋಭಾಳೂ ನೋಡಿದಳು. ಆಮೇಲೆ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದಳು. ಬಂದವರು ಕೆಟ್ಟ ಮಾತೊಂದೂ ಆಡಲಿಲ್ಲ. ಯೋಚನೆ ಮಾಡಿ ಹೇಳ್ತೀವಿ ಎಂದು ಎದ್ದರು. ಹೇಳಲಿಲ್ಲ.

ವಾಪಸ್ ಬರುವಾಗ ಅತ್ತೆ ಬಯ್ಯುತ್ತಾಳೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಿಡ್ಲಘಟ್ಟ ಬಂದಾಗ ಒಂದೇ ಮಾತು ಕೇಳಿದಳು: "ತಪ್ಪು ಒಪ್ಕೊಂಡೆ, ಸರಿ ಕಣಪ್ಪ. ಯಾರ ಮುಂದೆ ಒಪ್ಕೊಂಡೆ?"

ಮರುದಿನ ಒಬ್ಬಳೇ ಬಸ್ಸಿನಲ್ಲಿ ದಿಬ್ಬೂರಹಳ್ಳಿಗೆ ಹೋಗಿಬಂದಳು. ಶೋಭಾಳ ಅಮ್ಮ, ಫೋಟೋ ನಿಮ್ಮ ಹತ್ರಾನೇ ಇರಲಿ, ಬೇರೆ ನೋಡಿ ಅಂದರಂತೆ. ಅತ್ತೆ ಬೇರೆ ನೋಡಲಿಲ್ಲ. ಶೋಭಾಳಿಗೆ ಮಾತ್ರವಲ್ಲ, ಯಾರಿಗೂ ನೋಡಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ತೋರಿಸುತ್ತಿದ್ದಳು. ಒಂದೊಂದೇ ಮನೆಗೆ ಹೋಗಿ ಫೋಟೋಗಳನ್ನು ವಾಪಸ್ ಕೊಟ್ಟಳು. ಕೊಟ್ಟವರ ಕೈಗೇ ಕೊಡಬೇಕು, ಇನ್ನೊಬ್ಬರ ಕೈಲಿ ಕಳಿಸಬಾರದು ಅನ್ನುವುದು ಅವಳ ನೇಮ. ಅಷ್ಟು ಊರು ತಿರುಗಲು ಬಿಟ್ಟ ಮೊಣಕಾಲು ಸಂಬಂಧ ನೋಡಲು ಮಾತ್ರ ಬಿಡಲಿಲ್ಲವೇ? ನನಗೇನು ಅಷ್ಟೂ ತಿಳಿಯುವುದಿಲ್ಲವೇ!

ಆ ವೆಬ್‌ಸೈಟನ್ನು ಸರಿಮಾಡಿದೆ. ಒಂದು ಮಧ್ಯಾಹ್ನದ ಕೆಲಸ. ಅಯ್ಯೋ, ಒಂದು ಮಧ್ಯಾಹ್ನದ್ದು! ಒಂದೊಂದು ಮುಖಕ್ಕೂ ಅದರದೇ ವಿಳಾಸ ಕೊಟ್ಟೆ. ಮುಖ ಬದಲಾದಾಗಲೆಲ್ಲ ಮೇಲಿನ ವಿಳಾಸ ಬದಲಾಗಿ, ಬ್ರೌಸರಿನ ನೆನಪಿನಲ್ಲಿ ಒಂದು ಹೆಜ್ಜೆ ಸೇರುವ ಹಾಗೆ ಮಾಡಿದೆ. ಹಿಂದಿನ ಬಟನ್ ಒತ್ತಿದರೆ ಆ ಹೆಜ್ಜೆಗೇ ಹೋಗುತ್ತದೆ. ಲಿಂಕನ್ನು ಯಾರ ಫೋನಿನಲ್ಲಿ, ಯಾವತ್ತು ತೆರೆದರೂ ಕಳಿಸಿದ ಮುಖವೇ ಬರುತ್ತದೆ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಾಗ ಅವಳ ಫೋನಿನಲ್ಲಿ ಅದನ್ನು ತೋರಿಸಿದೆ. ಹುಡುಗಿಯರ ಫೋಟೋಗಳನ್ನೆಲ್ಲ ತೆಗೆದುಬಿಟ್ಟಿದ್ದೆ. ಪರೀಕ್ಷೆಗೆಂದು ನನ್ನದು, ನಮ್ಮಪ್ಪನದು, ಅವಳದೇ ಹಳೇ ಅಂಗನವಾಡಿ ಫೋಟೋ ಹಾಕಿದ್ದೆ. ಅತ್ತೆ ಬೆರಳಲ್ಲಿ ಮುಂದಕ್ಕೆ ಸರಿಸಿದಳು, ಹಿಂದಿನ ಬಟನ್ ಒತ್ತಿದಳು, ಮತ್ತೆ ಒತ್ತಿದಳು.

"ಈಗ ಬೀದಿಗೆ ತಳ್ಳಲ್ಲ" ಅಂದಳು.

"ಇಲ್ಲ ಅತ್ತೆ."

"ಒಳ್ಳೇದಾಯ್ತು ಬಿಡು." ದಿಂಬಿನ ಕೆಳಗಿಂದ ಒಂದು ಕವರು ತೆಗೆದಳು. "ಶೋಭಾದು ಇದೊಂದು ಉಳ್ಕೊಂಡಿದೆ. ನನ್ನ ಕೈಲಿ ಇನ್ನಾಗಲ್ಲ. ನೀನೇ ಹೋಗಿ ಕೊಟ್ಟು ಬಾ. ಅವಳ ಕೈಗೇ ಕೊಡು, ಬಾಗಿಲಲ್ಲಿಟ್ಟು ಓಡಿ ಬರ್ಬೇಡ."

ನಾಳೆ ಹೋಗ್ತೀನಿ ಅಂದೆ. ಹೋಗಲಿಲ್ಲ. ಅತ್ತೆ ಕೇಳಿದಾಗೆಲ್ಲ ಕೆಲಸದ ನೆವ ಹೇಳಿದೆ. ಅವಳು ಕಣ್ಣು ಮುಚ್ಚಿದ ದಿನವೂ ಆ ಕವರು ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇತ್ತು. ಮಣ್ಣು ಮಾಡಿ ಬಂದ ಮೇಲೂ ತಿಂಗಳುಗಟ್ಟಲೆ ಅದನ್ನು ಹೊತ್ತುಕೊಂಡು ಓಡಾಡಿದೆ. ಸತ್ತವಳಿಗೆ ಕೊಟ್ಟ ಮಾತಿಗಿಂತ ಬದುಕಿರುವವಳ ಮುಖ ನೋಡುವ ಹೆದರಿಕೆಯೇ ಹೆಚ್ಚಾಗಿತ್ತು.

ಕಳೆದ ವಾರ ಹೋದೆ. ಶೋಭಾ ಹುಳದ ಮನೆಯಲ್ಲಿದ್ದಳು, ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಹೊರಗಿನವರು ಒಳಗೆ ಹೋಗುವ ಹಾಗಿಲ್ಲ, ಹುಳಕ್ಕೆ ಆಗದು. ಬಾಗಿಲ ಹತ್ತಿರವೇ ನಿಂತೆ. ನನ್ನ ಗುರುತು ಹಿಡಿದಳು. ಕೈ ಒರೆಸಿಕೊಂಡು ಬಂದಳು. ತುಂಬು ತೋಳಿನ ರವಿಕೆ.

"ಅತ್ತೆ ಇದನ್ನ ನಿಮ್ಮ ಕೈಗೇ ಕೊಡಬೇಕು ಅಂದಿದ್ರು" ಎಂದು ಕವರು ಚಾಚಿದೆ.

ಅವಳು ಕವರು ಇಸಕೊಂಡು ತೆರೆದಳು. ಬಿಸಿಲಲ್ಲಿ ನಿಂತ ತನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು:

"ಈ ಸಲ ಒಂದೇ ತಂದ್ರಾ?"

ದನಿಯಲ್ಲಿ ಕೋಪ ಇರಲಿಲ್ಲ, ನಗುವೂ ಇರಲಿಲ್ಲ. ಉತ್ತರಕ್ಕಾಗಿ ನಾನು ಪಕ್ಕಕ್ಕೆ ತಿರುಗಿದೆ. ಇಂಥ ಹೊತ್ತಲ್ಲಿ ನನ್ನ ಪರವಾಗಿ ಮಾತಾಡುತ್ತಿದ್ದವಳು ಅಲ್ಲಿರಲಿಲ್ಲ.